ಸುತ್ತು ಎಣಿಸುವ ಕೆಲಸ

ಬೀಳಗಿ ಕಾಲೇಜಿನ ಹಿಂದಿನ ಎರೆಯ ಬಯಲಿಗೆ
ನಾನೂರು ಮೀಟರಿನ ಟ್ರ್ಯಾಕು ಹಿಡಿಸುವುದಿಲ್ಲ.
ಇನ್ನೂರರದ್ದೇ ಹಾಕಿದ್ದೇವೆ, ಲೋಕಾಪುರದ ಸುಣ್ಣದಲ್ಲಿ.
ಬಿರುಕು ಬಿಟ್ಟಲ್ಲೆಲ್ಲ ಗೆರೆ ಒಳಗಿಳಿದು
ಆಚೆ ಮತ್ತೆ ಏಳುತ್ತದೆ.

ಐದು ಸಾವಿರ ಮೀಟರೆಂದರೆ ಇಪ್ಪತ್ತೈದು ಸುತ್ತು.
ಎಣಿಸಲು ಜನ ಬೇಕು. ನಾನು ಅತಿಥಿ ಉಪನ್ಯಾಸಕ,
ಒಲ್ಲೆ ಎನ್ನುವಷ್ಟು ಪಗಾರ ನನಗಿಲ್ಲ.
ಕೌಜಲಗಿ ಸರ್ ಕೈಗೆ ಕೊಟ್ಟರು
ಒಂದು ಪೆನ್ನು, ಹಳೆಯ ಉತ್ತರಪತ್ರಿಕೆಯ ಒಂದು ಹಾಳೆ.
ಅದರ ಮುಂಬದಿಯಲ್ಲಿ ಯಾರೋ
ಬೇಡಿಕೆಯ ರೇಖೆಯನ್ನು ಮೇಲಕ್ಕೆ ಎಳೆದು
ಎರಡು ಅಂಕ ಕಳೆದುಕೊಂಡಿದ್ದರು.

ಒಂಬತ್ತು ಕಾಲೇಜು ಬಂದಿವೆ. ಹುನಗುಂದದ್ದು ಬ್ಯಾಂಡು ಸಮೇತ,
ತೇರದಾಳದ್ದು ಕಬ್ಬಿನ ಟ್ರ್ಯಾಕ್ಟರಿನಲ್ಲಿ.
ಬಾದಾಮಿಯವರದು ಎಲ್ಲರಿಗೂ ಒಂದೇ ಜೊತೆ ಸ್ಪೈಕ್ ಶೂ,
ಹುಡುಗ ಓಡಿ ಬಂದು ಬಿಚ್ಚಿದ ಕೂಡಲೇ
ತುದಿಗೆ ಹತ್ತಿ ತುರುಕಿ ಹುಡುಗಿ ಹಾಕಿಕೊಳ್ಳುತ್ತಾಳೆ.
ಪಿಸ್ತೂಲಿಗೆ ಪರವಾನಗಿ ಸಿಗಲಿಲ್ಲ;
ಪೀರಜಾದೆ ಎರಡು ಹಲಗೆ ಬಡಿದರೆ ಓಟ ಶುರು.
ಬೇವಿನ ಮರದ ಗಿಳಿಗಳು ಪ್ರತಿ ಸಲವೂ
ಓಟಗಾರರಿಗಿಂತ ಮೊದಲೇ ಹೊರಟುಬಿಡುತ್ತವೆ.

ನನ್ನ ಪಾಲಿಗೆ ಹದಿನಾಲ್ಕನೆಯ ನಂಬರು,
ದಾನೇಶ್ವರಿ ಬರಗುಂಡಿ, ಗುಳೇದಗುಡ್ಡ,
ಬಿ.ಎ. ಎರಡನೆಯ ವರ್ಷ. ಬರಿಗಾಲು.
ನಾಲ್ಕು ಗೆರೆ, ಮೇಲೊಂದು ಅಡ್ಡಗೆರೆ,
ನಾಲ್ಕು ಗೆರೆ, ಮೇಲೊಂದು ಅಡ್ಡಗೆರೆ.
ಹತ್ತಕ್ಕೆ ಮುಂದಿನವರು ಅವಳನ್ನು ಒಂದು ಸುತ್ತು ಮೀರಿದರು,
ಹದಿನೈದಕ್ಕೆ ಇನ್ನೊಂದು.
ಹದಿನೇಳಕ್ಕೆ ಚಹಾ ಬಂತು.

ಎರಡೂ ಕೈಯಲ್ಲಿ ಹಿಡಿದೆ, ತುಟಿ ಸುಟ್ಟಿತು,
ಅವಳು ದಾಟಿ ಹೋದಳು.
ಗೆರೆ ಎಳೆದು ಚಹಾ ಹಿಡಿದೆನೇ? ಹಿಡಿದು ಮರೆತೆನೇ?
ಹಾಳೆ ನೋಡಿದರೆ ಹಾಳೆ ಸುಮ್ಮನಿತ್ತು.

ಗೆದ್ದವಳ ಕೊರಳಿಗೆ ಹಾರ ಬಿತ್ತು. ಜನ ಊಟಕ್ಕೆದ್ದರು,
ಜುಣಕದ ವಾಸನೆ ಮೈದಾನ ದಾಟಿ ಬಂತು.
ಉಳಿದದ್ದು ಅವಳು, ನಾನು, ಬಿಸಿಲು.
ಗೆರೆಯ ಹತ್ತಿರ ನಿಧಾನಿಸಿ ನನ್ನ ಮುಖ ನೋಡಿದಳು.
ಹಾಳೆಯಲ್ಲಿ ಇಪ್ಪತ್ತನಾಲ್ಕು.
ನಾನು ಒಂದು ಬೆರಳು ಎತ್ತಿದೆ.

ಆ ಬೆರಳನ್ನು ಅವಳು ನೋಡಿದ ರೀತಿ,
ಸಂತೆಯಲ್ಲಿ ತಕ್ಕಡಿಯ ಮುಳ್ಳನ್ನು
ಮಾತಾಡದೆ ನೋಡುತ್ತಾರಲ್ಲ, ಹಾಗೆ.
ಮತ್ತೆ ಹೊರಟಳು.

ಮುಗಿದ ಮೇಲೆ ಕೊಡದ ಬದಿಗೆ ಕೂತು
ಪಾದಕ್ಕೆ ನೀರು ಸುರಿದುಕೊಳ್ಳುತ್ತಿದ್ದಳು. ಸುಣ್ಣ, ಸ್ವಲ್ಪ ರಕ್ತ.
“ಇಪ್ಪತ್ತಾರ ಆದೂರಿ ಸರ.”
“ಖರೇನ?”
“ಖಣದ ಎಳಿ ಎಣಸೋ ಮನಿರೀ ನಮ್ದು.”
“ಮತ್ತ ಆಗ ಯಾಕ ಹೇಳಲಿಲ್ಲವಾ?”
“ನೀವು ಬಟ್ಟ ತೋರಿಸಿದ್ರೆಲ್ರಿ.”

ಕೌಜಲಗಿ ಸರ್ ಹತ್ತಿರ ಓಡಿದೆ (ಅವತ್ತು ನಾನು ಓಡಿದ್ದು ಅಷ್ಟೇ).
ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ರಿಜಿಸ್ಟರು ತೆರೆದರು:
ಪ್ರಥಮ, ದ್ವಿತೀಯ, ತೃತೀಯ. ಕೆಳಗೆ ಅವರ ಸಹಿ.
“ಎಲ್ಲಿ ತಿದ್ದಲಿ, ನೀವ ಹೇಳ್ರಿ.”
ಅವಳ ಹೆಸರೇ ಇಲ್ಲದ ಪುಟದಲ್ಲಿ
ನನ್ನ ತಪ್ಪಿಗೂ ಜಾಗವಿರಲಿಲ್ಲ.

ಸಂಜೆ ಗುಳೇದಗುಡ್ಡದ ಟೆಂಪೋ ಹೋಯಿತು.
ಹಿಂದಿನ ಹಲಗೆಯ ಮೇಲೆ ಕರವಸ್ತ್ರ ಸುತ್ತಿದ ಒಂದು ಪಾದ.
ಆಡುಗಳು ಬಂದು ಮೂರು ಲೇನು ಒಟ್ಟಿಗೆ ದಾಟಿದವು.

ಸೋಮವಾರ ತರಗತಿಯಲ್ಲಿ ಬೇಡಿಕೆಯ ರೇಖೆ ಬರೆಯುವಾಗ
ಸುಮ್ಮನೆ, ನೋಡೋಣವೆಂದು, ಮೇಲಕ್ಕೆ ಎಳೆದೆ.
ತಿರುಗಿ ನಿಂತು ಕಾದೆ.
ಅರವತ್ತು ಪೆನ್ನುಗಳು
ಮೇಲಕ್ಕೇ ಎಳೆದುಕೊಂಡವು.